ಬಿಚ್ಚದ ಮುಡೆಗಳು

ಕೋವಿಡ್ ಕಾಲದ ಮಾಸ್ಕುಗಳು ಕಚೇರಿಯ ಡ್ರಾಯರುಗಳಲ್ಲಿ ಇನ್ನೂ ಬಿದ್ದುಕೊಂಡಿದ್ದ ವರ್ಷ ನನ್ನನ್ನು ಶಿರಸಿಗೆ ವರ್ಗ ಮಾಡಿದರು. ಹುದ್ದೆ ತೆರಿಗೆ ಅಧಿಕಾರಿಯದು. ಶಿರಸಿ, ಸಿದ್ದಾಪುರ, ಯಲ್ಲಾಪುರ ತಾಲ್ಲೂಕುಗಳು ನನ್ನ ವ್ಯಾಪ್ತಿಗೆ ಬರುತ್ತಿದ್ದವು. ನಿವೃತ್ತಿಗೆ ಹೆಚ್ಚು ಕಾಲ ಉಳಿದಿರಲಿಲ್ಲ. ಇಲಾಖೆಯ ಹೆಸರು ಬರೆಯುವುದಿಲ್ಲ. ವರ್ಷಕ್ಕೊಮ್ಮೆ ಎಲ್ಲರಿಗೂ ನೆನಪಾಗುವ, ಉಳಿದ ದಿನಗಳಲ್ಲಿ ಯಾರೂ ನೆನೆಯಲು ಇಷ್ಟಪಡದ ಇಲಾಖೆ ಎಂದರೆ ಸಾಕು.

ಮೊದಲು ಒಂದು ತಪ್ಪು ತಿಳಿವಳಿಕೆಯನ್ನು ತೆಗೆಯಬೇಕು. ನಾವು ವಸೂಲು ಮಾಡಿದ ಹಣದಲ್ಲೇ ನಮ್ಮ ಕಚೇರಿ ನಡೆಯುತ್ತದೆ ಎಂದು ಬಹಳ ಜನ ನಂಬಿದ್ದಾರೆ. ಹಾಗಿಲ್ಲ. ಬಂದ ತೆರಿಗೆಯೆಲ್ಲ ದೇಶದ ಸಂಚಿತ ನಿಧಿಗೆ ಹೋಗುತ್ತದೆ, ಅದರಲ್ಲಿ ಒಂದು ಚಹಾದಷ್ಟನ್ನೂ ನಾವು ಮುಟ್ಟುವಂತಿಲ್ಲ. ಕಟ್ಟಡದ ಬಾಡಿಗೆ, ಪ್ರಿಂಟರಿನ ಶಾಯಿ, ವಾಹನದ ಖರ್ಚು ಎಲ್ಲವೂ ಸಂಸತ್ತು ಒಪ್ಪಿದ ಅನುದಾನದಿಂದ ಬರಬೇಕು. ಅದು ದಿಲ್ಲಿಯಿಂದ ಬೆಂಗಳೂರು, ಬೆಂಗಳೂರಿನಿಂದ ಹುಬ್ಬಳ್ಳಿ ಎಂದು ಇಳಿಯುತ್ತ, ಪ್ರತಿ ಮೆಟ್ಟಿಲಲ್ಲೂ ತೆಳ್ಳಗಾಗುತ್ತ ಶಿರಸಿಗೆ ತಲುಪುತ್ತದೆ. ಫೆಬ್ರುವರಿ ಬರುವ ಹೊತ್ತಿಗೆ ವಾಹನದ ಬಾಬ್ತು ಬರಿದಾಗಿರುತ್ತದೆ. ಈ ಸಣ್ಣ ಸಂಗತಿ ಮುಂದೆ ಒಬ್ಬ ಮನುಷ್ಯನನ್ನು ಊರು ಬಿಡಿಸಿತು.

ಕೆರಿಯಾ ನಾಯ್ಕ ಕಚೇರಿಗೆ ಬಂದದ್ದು ಅಂಥದೊಂದು ಫೆಬ್ರುವರಿಯಲ್ಲಿ. ನನ್ನ ನೆನಪಿನಲ್ಲಿ ಅವನ ಕೈಯಲ್ಲೊಂದು ಒದ್ದೆ ಕೊಡೆ ಇದೆ, ನೀರು ಟೈಲ್ಸಿನ ಮೇಲೆ ಇಳಿಯುತ್ತಿದೆ. ಫೆಬ್ರುವರಿಯಲ್ಲಿ ಶಿರಸಿಯಲ್ಲಿ ಮಳೆ ಎಲ್ಲಿಂದ ಬರಬೇಕು? ಕೊಡೆಯನ್ನು ನಾನು ಆಮೇಲೆ ಯಾವಾಗಲೋ ಸೇರಿಸಿರಬೇಕು. ಆದ್ದರಿಂದ ಓದುವವರು ಕೊಡೆಯನ್ನು ಬಿಟ್ಟು ಮನುಷ್ಯನನ್ನು ಮಾತ್ರ ನೋಡಲಿ: ಐವತ್ತು ದಾಟಿದ ವಯಸ್ಸು, ದಪ್ಪ ಬೆರಳುಗಳು, ಕುರ್ಚಿ ತೋರಿಸಿದರೂ ಕೂರದ ನಿಲುವು. ಊರು ಸಿದ್ದಾಪುರ ತಾಲ್ಲೂಕಿನ ನಿಲ್ಕುಂದದ ಹತ್ತಿರ.

"ಅಮಾ, ನಾನು ತೆರ್ಗೆ ಕಟ್ಟೋ ಸಾವ್ಕಾರ ಆದದ್ದು ಯಾವಾಗ?" ಎಂದು ಕೇಳಿದ. "ನನ್ ಹೆಂಡ್ತಿಗೂ ಯಾರೂ ಹೇಳ್ಲಿಲ್ಲ. ಹೇಳಿದ್ರೆ ಒಂದು ಸರಾನಾದ್ರೂ ಮಾಡ್ಸಿಕೊಳ್ತಿತ್ತು ಅದು."

ಅವನ ರೇಷನ್ ಕಾರ್ಡು ರದ್ದಾಗಿತ್ತು. ತೆರಿಗೆ ವಿವರ ಸಲ್ಲಿಸುವವರಿಗೆ ಆ ಅಕ್ಕಿ ಇಲ್ಲ ಎಂದು ಅಂಗಡಿಯವನು ಹೇಳಿ ಕಳಿಸಿದ್ದ. ಕಂಪ್ಯೂಟರಿನಲ್ಲಿ ನೋಡಿದೆ. ಅವನ ಹೆಸರಿನಲ್ಲಿ ಪ್ರತಿ ವರ್ಷ ರಿಟರ್ನ್ ಸಲ್ಲಿಕೆಯಾಗಿತ್ತು. ಕೃಷಿ ಕೂಲಿಯ ಗುತ್ತಿಗೆದಾರ ಎಂದು ಅವನನ್ನು ತೋರಿಸಿದ್ದರು. ಕೂಲಿ ಕೊಟ್ಟವರೆಂದು ಅದರಲ್ಲಿದ್ದ ಹೆಸರು ಶಂಕ್ರಣ್ಣನವರದು.

ಈ ಶಂಕ್ರಣ್ಣ ಯಾರೆಂದು ಹೇಳಬೇಕು. ಮೂಲ ಬನವಾಸಿ ಕಡೆಯವರು. ಯಲ್ಲಾಪುರದಾಚೆ ಕಿರವತ್ತಿಯ ಹೆದ್ದಾರಿಯಲ್ಲಿ ಮೆಕ್ಕೆಜೋಳದ ಗೋದಾಮು ಇಟ್ಟಿದ್ದರು. ನಿಲ್ಕುಂದದ ಕಡೆ ಗದ್ದೆಯನ್ನೂ ಅದರ ಜೊತೆಗೊಂದು ಹಳೆ ಮನೆಯನ್ನೂ ಕೊಂಡಿದ್ದರು. ಆ ಜಾಗದ ಅಂಚಿನ ಒಂದು ಬಿಡಾರದಲ್ಲಿ ಕೆರಿಯಾ ಹೆಂಡತಿಯೊಂದಿಗೆ ಇದ್ದ. ಮನೆಯ ಬೀಗದ ಕೈ ಅವನ ಹತ್ತಿರವೇ ಇರುತ್ತಿತ್ತು. ವ್ಯಾಪಾರದ ಲಾಭಕ್ಕೆ ತೆರಿಗೆ ಇದೆ, ಕೃಷಿ ಆದಾಯಕ್ಕೆ ಕೇಂದ್ರದ ತೆರಿಗೆ ಇಲ್ಲ. ಹಾಗಾಗಿ ಮೆಕ್ಕೆಜೋಳದ ಲಾಭವನ್ನು ಭತ್ತದ ಆದಾಯವೆಂದು ತೋರಿಸಿದರೆ ತೆರಿಗೆ ಮಾಯವಾಗುತ್ತದೆ. ಶಂಕ್ರಣ್ಣನವರು ಹಳೆಯ ತಳಿಯ ಭತ್ತ ಬೆಳೆದು ಪಟ್ಟಣಗಳಿಗೆ ಮಾರುತ್ತೇನೆ ಎಂದು ಬರೆದುಕೊಡುತ್ತಿದ್ದರು. ಗದ್ದೆಗೆ ಕೂಲಿ ಖರ್ಚಾಗಿದೆ ಎಂದು ತೋರಿಸಲು ಕೆರಿಯಾನಿಗೇ ತಿಳಿಯದಂತೆ ಅವನ ಹೆಸರಿನಲ್ಲಿ ರಿಟರ್ನ್ ಹಾಕಿಸಿದ್ದರು. ನನಗಿಂತ ಹಿಂದಿನ ಅಧಿಕಾರಿ ಒಮ್ಮೆ ಬೀಜ ಕೊಂಡ ರಸೀದಿ ಕೇಳಿದ್ದರು. ಬಂದ ಉತ್ತರ: ಹಳೆಯ ತಳಿ, ಅಂಗಡಿಯಲ್ಲಿ ಸಿಗುವುದಿಲ್ಲ, ಮನೆಯಲ್ಲೇ ಕಾಪಿಟ್ಟ ಬೀಜವನ್ನು ಪ್ರತಿ ವರ್ಷ ಬಿತ್ತುತ್ತೇವೆ. ಫೈಲು ಅಲ್ಲಿಗೆ ಮುಚ್ಚಿತ್ತು.

ಇದನ್ನು ಕೆರಿಯಾನಿಗೆ ಓದಿ ಹೇಳಿದೆ. ಅವನು ನಕ್ಕುಬಿಟ್ಟ.

"ಮನೆ ಬೀಜ? ಮುಡೆ ಬಿಚ್ಚೇ ಇಲ್ಲ ಅಮಾ! ಅವ್ರು ಜಾಗ ತಕ್ಕೊಂಡ ವರ್ಷ ನಾನೇ ಕಟ್ಟಿ ಅಟ್ಟಕ್ಕೆ ಹಾಕಿದ್ದು. ಹಂಗೇ ಇದ್ದೊ, ಮೊಮ್ಮಕ್ಳು ಬರ್ಲಿ ಅಂತ ಕಾಯ್ತಾ."

ಮುಡೆ ಎಂದರೆ ಬೀಜದ ಭತ್ತವನ್ನು ಒಣ ಹುಲ್ಲಿನೊಳಗೆ ತುಂಬಿ, ಹುಲ್ಲಿನ ಹಗ್ಗ ಸುತ್ತಿ, ಕೊಡತಿಯಲ್ಲಿ ಬಡಿದು ಕಲ್ಲಿನಂತೆ ಗಟ್ಟಿ ಮಾಡಿದ ಗುಂಡನೆಯ ಕಟ್ಟು. ಒಲೆಯ ಹೊಗೆ ತಾಗುವಂತೆ ಅಟ್ಟದಲ್ಲಿಟ್ಟರೆ ಹುಳ ಬೀಳುವುದಿಲ್ಲ. ಕಟ್ಟಲು ಬರುವವರು ಈಗ ಬಹಳ ಕಡಿಮೆ. ಆ ಕಡೆಯ ಮನೆಗಳಲ್ಲಿ ಇನ್ನೊಂದು ಪದ್ಧತಿಯಿತ್ತು: ಮುಡೆ ಕಟ್ಟಿದವನನ್ನೇ ಬಿತ್ತನೆಯ ದಿನ ಕರೆಸಿ ಬಿಚ್ಚಿಸುತ್ತಿದ್ದರು. ಬೇರೆಯವರು ಕೈಹಾಕಿದರೆ ಮೊಳಕೆ ಒಡೆಯುವುದಿಲ್ಲ ಎಂಬ ನಂಬಿಕೆ. ನಿಲ್ಕುಂದದ ಸುತ್ತ ಆ ಕೆಲಸಕ್ಕೆ ಮನೆಮನೆಯವರು ಕರೆಯುತ್ತಿದ್ದದ್ದು ಕೆರಿಯಾನನ್ನು. ಒಂದು ವರ್ಷದ ಬೀಜ ಮರುವರ್ಷಕ್ಕೆ ಸರಿ, ಅದರಾಚೆ ಅದು ಸತ್ತ ಕಾಳು. ಮುಡೆ ಬಿಚ್ಚಿಲ್ಲ ಎಂದರೆ ಬಿತ್ತಿಲ್ಲ, ಬಿತ್ತಿಲ್ಲ ಎಂದರೆ ಬೆಳೆದಿಲ್ಲ. ಗದ್ದೆ ಹಾಳು ಬಿದ್ದದ್ದನ್ನು ಊರವರೆಲ್ಲ ನೋಡಿದ್ದರು. ಆದರೆ ಸಾವ್ಕಾರರ ವಿರುದ್ಧ ಸಹಿ ಹಾಕಲು ಯಾರೂ ಮುಂದೆ ಬರುತ್ತಿರಲಿಲ್ಲ, ಮತ್ತು ಪಹಣಿಯಲ್ಲಿ ಭತ್ತ ಎಂದೇ ಇತ್ತು.

"ಇದನ್ನು ಹೇಳಿಕೆಯಾಗಿ ಬರೆದುಕೊಡುತ್ತೀಯಾ?" ಎಂದೆ.

ಅವನ ನಗು ನಿಂತಿತು. "ನಾ ಇರೂದು ಅವ್ರ ಜಾಗದಾಗೆ ಅಮಾ. ಗೊತ್ತಾದ್ರೆ ಮುಗೀತು. ಅವ್ರ ಮನೆ ಒಂದೇ ಅಲ್ಲ, ಯಾವ ಮನೆ ಅಟ್ಟಾನೂ ಹತ್ಸೂದಿಲ್ಲ ನನ್ನ. ಒಳಗಿನ ಸುದ್ದಿ ಹೊರಗೆ ಹಾಕೋನು ಅಂತಾರೆ."

ಆಗ ನಾನು ಮಾತು ಕೊಟ್ಟೆ. ಮಾಹಿತಿ ಕೊಟ್ಟವರ ಗುರುತು ಕಾಯುವುದು ಇಲಾಖೆಯ ನಿಯಮ. ಅದನ್ನು ನಂಬಿ ನಾನು ಅವನಿಗೆ ಹೇಳಿದ್ದು: "ನಿನ್ನ ಹೆಸರು ಹೊರಗೆ ಬರುವುದಿಲ್ಲ." ಹೀಗೆಂದೇ ನನ್ನ ನೆನಪು. ಈ ವಾಕ್ಯಕ್ಕೆ ಮತ್ತೆ ಬರುತ್ತೇನೆ. ಇಷ್ಟು ಶುದ್ಧವಾಗಿ ನೆನಪಿರುವ ವಾಕ್ಯಗಳನ್ನು ಈಗೀಗ ನಾನು ನಂಬುವುದಿಲ್ಲ. ಕೆರಿಯಾ ಮಾತ್ರ ಅಂದು ನನ್ನ ಮಾತು ನಂಬಿ ಹೇಳಿಕೆಗೆ ಸಹಿ ಹಾಕಿದ.

ಮುಗಿದುಹೋದ ವರ್ಷದ ತೆರಿಗೆಯನ್ನು ಮತ್ತೆ ತೆರೆದು ನೋಡುವ ಅಧಿಕಾರ ಕಾನೂನಿನಲ್ಲಿ ನಮಗಿದೆ. ದೊಡ್ಡ ಅಧಿಕಾರ, ಆದ್ದರಿಂದಲೇ ಕಟ್ಟುಗಳೂ ಇವೆ. ಕೈಯಲ್ಲಿ ಮಾಹಿತಿ ಇರಬೇಕು. ಮೇಲಿನವರ ಒಪ್ಪಿಗೆ ಇರಬೇಕು. ಅವಧಿ ಮುಗಿಯುವ ಮೊದಲು ನೋಟಿಸ್ ಹೋಗಬೇಕು. ಅದಕ್ಕೂ ಮುಂಚೆ ಆ ಮಾಹಿತಿಯನ್ನು ತೆರಿಗೆದಾರನಿಗೆ ತೋರಿಸಿ, ಏನು ಹೇಳುತ್ತೀರಿ ಎಂದು ಕೇಳಬೇಕು. ಈ ಕೊನೆಯ ಕಟ್ಟು ನ್ಯಾಯವಾದದ್ದು. ಯಾವ ಆಧಾರದ ಮೇಲೆ ತನ್ನ ಬಾಗಿಲು ಬಡಿಯುತ್ತಿದ್ದಾರೆ ಎಂದು ಯಾರಿಗಾದರೂ ತಿಳಿಯಲೇಬೇಕು. ಅದರ ಬಗ್ಗೆ ನನಗೆ ಅಂದೂ ತಕರಾರಿರಲಿಲ್ಲ, ಇಂದೂ ಇಲ್ಲ.

ಕೆರಿಯಾನ ಹೇಳಿಕೆಯ ಮೇಲೆ ಭಾರ ಬೀಳದಂತೆ ಮಾಡಲು ದಾರಿಯೊಂದಿತ್ತು. ಅಧಿಕೃತವಾಗಿ ಸರ್ವೇ ಮಾಡುವುದು. ಅಂದರೆ ಒಪ್ಪಿಗೆ ಪಡೆದು, ತಂಡದೊಂದಿಗೆ ಹೋಗಿ, ಗೋದಾಮು ಮತ್ತು ಅದಕ್ಕೆ ಸೇರಿದ ಜಾಗಗಳನ್ನು ನೋಡಿ, ಕಂಡದ್ದನ್ನು ನಾವೇ ದಾಖಲಿಸುವುದು. ಹಾಗಾದರೆ ಮುಡೆಗಳನ್ನು ಕಂಡವರು ಅಧಿಕಾರಿಗಳಾಗುತ್ತಾರೆ, ಕೆರಿಯಾ ಎಲ್ಲಿಯೂ ಬರುವುದಿಲ್ಲ. ಹುಬ್ಬಳ್ಳಿಯ ಮೇಲಧಿಕಾರಿಗಳಿಗೆ ಫೋನ್ ಮಾಡಿದೆ.

"ತಂಡ ಎಲ್ಲಿಂದ ತರ್ಲಿ? ವೆಹಿಕಲ್ ಗ್ರ್ಯಾಂಟ್ ಖಾಲಿ," ಎಂದರು ಸಾಹೇಬರು. "ಏಪ್ರಿಲ್‌ನಲ್ಲಿ ನೋಡೋಣ."

"ಸರ್, ಮಾರ್ಚ್ ಕೊನೆಗೆ ಅವಧಿ ಮುಗಿಯುತ್ತೆ."

"ಹಂಗಾದ್ರೆ ಸ್ಟೇಟ್‌ಮೆಂಟ್ ಇದೆಯಲ್ಲ, ಅದರ ಮೇಲೇ ಮಾಡಿ."

ನಾನು ಒಂದು ಭಾನುವಾರ ಸಿದ್ದಾಪುರಕ್ಕೆ ಬಸ್ಸಿನಲ್ಲಿ ಹೋದೆ, ಅಲ್ಲಿಂದ ಆಟೋ. ಕೆರಿಯಾ ಬೀಗ ತೆಗೆದ. ಅಟ್ಟದ ಏಣಿಯ ಕೆಳಗೆ ನಿಂತು, "ಹತ್ತೀರಾ ಅಮಾ, ಇಲ್ಲಾ ಸರ್ಕಾರಕ್ಕೆ ಏಣಿ ಅರ್ಜಿ ಕೊಡ್ತೀರಾ?" ಎಂದ. ಹತ್ತಿದೆ. ಮಸಿಗಟ್ಟಿದ ಮುಡೆಗಳು ಸಾಲಾಗಿ ಕೂತಿದ್ದವು. ಒಂದರ ತಲೆಯ ಗಂಟನ್ನು ಅವನು ಹೆಬ್ಬೆರಳಿನಿಂದ ಒರೆಸಿ ತೋರಿಸಿದ. ಹಗ್ಗದ ತುದಿಯನ್ನು ಎರಡು ಸಲ ಒಳಗೆ ತೂರಿ ಎಡಕ್ಕೆ ಎಳೆದ ಗಂಟು. "ಇದು ನಂದು. ಬಲಗಡೆ ಎಳ್ದಿದ್ರೆ ನಮ್ಮಪ್ಪಂದು."

ನಾನು ಕಣ್ಣಾರೆ ಕಂಡೆ. ಆದರೆ ಹಾಗೆ ಕಂಡದ್ದಕ್ಕೆ ಬೆಲೆಯಿಲ್ಲ ಎಂದರು ಸಾಹೇಬರು. ಒಪ್ಪಿಗೆಯಿಲ್ಲದೆ ಹೋದ ಅಧಿಕಾರಿ ಕೋರ್ಟಿನ ಕಣ್ಣಿಗೆ ಬೇರೆಯವರ ಮನೆ ಹೊಕ್ಕ ಒಬ್ಬ ಹೆಂಗಸು, ಅಷ್ಟೆ. ಅವರು ಹೇಳಿದ್ದು ಸರಿಯಾಗಿತ್ತು. ಹೀಗೆ ಒಂದು ಕಾರಿನ ಬಾಡಿಗೆಗೆ ಅನುದಾನವಿಲ್ಲದೆ ನನ್ನ ಕಣ್ಣು ಕುರುಡಾಯಿತು, ಇಡೀ ಪ್ರಕರಣ ಕೆರಿಯಾನ ಹೇಳಿಕೆಯ ಮೇಲೆ ನಿಂತಿತು.

ಮಾರ್ಚಿನಲ್ಲಿ ನೋಟಿಸ್ ಹೋಯಿತು. ಹೇಳಿಕೆಯನ್ನು ನಾನು ಜೊತೆಗೆ ಇಡಲಿಲ್ಲ. ವಿಶ್ವಾಸಾರ್ಹ ಮಾಹಿತಿಯಂತೆ ಕೃಷಿ ನಡೆದಿಲ್ಲ ಎಂಬ ಸಾರಾಂಶವನ್ನಷ್ಟೇ ಕೊಟ್ಟೆ. ಶಂಕ್ರಣ್ಣನವರು ಧಾರವಾಡದ ಹೈಕೋರ್ಟ್ ಪೀಠದಲ್ಲಿ ರಿಟ್ ಅರ್ಜಿ ಹಾಕಿದರು. ಸಾರಾಂಶ ಸಾಲದು, ಆಧಾರವನ್ನೇ ಕೊಡಬೇಕು ಎಂಬುದು ಅವರ ವಾದ. ನ್ಯಾಯಾಲಯ ಒಪ್ಪಿತು. ನೋಟಿಸ್ ಬದಿಗಿಟ್ಟು, ಮಾಹಿತಿದಾರನ ಗುರುತು ಕಾಯ್ದುಕೊಂಡು ಆಧಾರವನ್ನು ಒದಗಿಸಿ, ಹೊಸದಾಗಿ ಮುಂದುವರಿಯಿರಿ ಎಂದಿತು. ಗುರುತು ಕಾಯ್ದುಕೊಂಡು. ಆದೇಶದಲ್ಲಿ ಆ ಮಾತು ಇತ್ತು. ಇದು ಮಾತ್ರ ನನ್ನ ಸೇರ್ಪಡೆಯಲ್ಲ.

ಅಷ್ಟರಲ್ಲಿ ಪ್ರಕರಣ ನನ್ನ ಕೈಯಲ್ಲಿ ಉಳಿದಿರಲಿಲ್ಲ. ತೆರಿಗೆದಾರನೂ ಅಧಿಕಾರಿಯೂ ಒಬ್ಬರ ಮುಖ ಒಬ್ಬರು ನೋಡದೆ ಎಲ್ಲ ಕಂಪ್ಯೂಟರಿನಲ್ಲೇ ನಡೆಯುವ ವ್ಯವಸ್ಥೆ ಬಂದಿತ್ತು. ಲಂಚಕ್ಕೆ ಎಡೆಯಿಲ್ಲದಂತೆ ಮಾಡಿದ ಏರ್ಪಾಡು, ಉದ್ದೇಶ ಒಳ್ಳೆಯದೇ. ಫೈಲು ದೂರದ ಯಾವುದೋ ನಗರದ ಘಟಕಕ್ಕೆ ಹೋಯಿತು. ಅಲ್ಲಿಂದ ಒಬ್ಬ ಯುವ ಅಧಿಕಾರಿ ಫೋನ್ ಮಾಡಿ, ಹೇಳಿಕೆಯಲ್ಲಿ ಹೆಸರು, ಊರು, ಸಹಿಗೆ ಕಪ್ಪು ಪಟ್ಟಿ ಎಳೆದು ಅಪ್‌ಲೋಡ್ ಮಾಡುತ್ತಿದ್ದೇನೆ ಎಂದ. ಇಂಗ್ಲಿಷಿನಲ್ಲಿ, ಬಹಳ ವಿನಯದಿಂದ.

"ಹೆಸರು ಮುಚ್ಚಿದರೆ ಸಾಲದು," ಎಂದೆ. "ಮುಡೆಯ ಮಾತು ಇರುವವರೆಗೆ ಅವನೂ ಅಲ್ಲಿ ಇರುತ್ತಾನೆ. ಆ ಪ್ಯಾರಾ ತೆಗೆಯಿರಿ. ಗದ್ದೆ ಹಾಳು ಬಿದ್ದಿದೆ ಎಂಬುದನ್ನಷ್ಟೇ ಇಡಿ, ಅದು ಊರಿಗೆಲ್ಲ ಗೊತ್ತಿರುವ ವಿಷಯ."

"ಮುಡೆ ಅಂದರೆ ಏನು ಮೇಡಂ?" ಎಂದು ಕೇಳಿದ.

ವಿವರಿಸಿದೆ. ಒಬ್ಬನೇ ಕಟ್ಟುವುದು, ಅವನೇ ಬಿಚ್ಚುವುದು, ಎಲ್ಲವನ್ನೂ. ಅವನು ಕೇಳಿಸಿಕೊಂಡ. ಆ ಪ್ಯಾರಾವೇ ಪ್ರಕರಣದ ಬಲ, ಅದನ್ನು ತೆಗೆದರೆ ನೋಟಿಸ್ ನಿಲ್ಲುವುದಿಲ್ಲ ಎಂದ. ನಾನು ಹುಬ್ಬಳ್ಳಿಗೆ ಫೋನ್ ಮಾಡಿದೆ. ಸಾಹೇಬರ ಉತ್ತರ ಚಿಕ್ಕದಾಗಿತ್ತು: "ಹೆಸರು ಮುಚ್ಚಿದೆಯಲ್ಲ. ಸರ್ಕಾರದ ಕೇಸ್ ಬೀಳಿಸ್ಬೇಕಾ ನೀವು?" ಬರಹದಲ್ಲಿಯೂ ಕಳಿಸಿದೆ. ಅದು ತಲುಪುವ ಮೊದಲೇ ಹೇಳಿಕೆ ಶಂಕ್ರಣ್ಣನವರ ಆನ್‌ಲೈನ್ ತೆರಿಗೆ ಖಾತೆಗೆ ತಲುಪಿತ್ತು.

ವಾರ ಕಳೆಯುವುದರೊಳಗೆ ಶಂಕ್ರಣ್ಣ ಕಚೇರಿಗೆ ಬಂದರು. ಸಿಟ್ಟಿನಲ್ಲಿ ಬಂದಿದ್ದರೆ ಚೆನ್ನಾಗಿತ್ತು. ಕೈಮುಗಿದು, ಕೂತು, ಮೊಬೈಲಿನಲ್ಲಿ ಆ ಪುಟವನ್ನು ದೊಡ್ಡದು ಮಾಡಿ ನನ್ನ ಕಡೆ ತಿರುಗಿಸಿದರು.

"ಹೆಸರಿಗೆ ಮಸಿ ಬಳದೀರಿ. ಛಲೋ ಮಾಡೀರಿ ಮೇಡಂ, ಬಡವರನ್ನ ಕಾಯಬೇಕ್ರಿ ಸರಕಾರ." ಪರದೆಯ ಮೇಲೆ ಬೆರಳನ್ನು ಕೆಳಗೆ ಸರಿಸಿದರು. "ಆದ್ರ ಮುಡೆ ಬಿಚ್ಚಿಲ್ಲ ಅನ್ನೋದು ಬಿಚ್ಚಾಂವಗ ಬಿಟ್ಟು ಇನ್ಯಾರಿಗೆ ಗೊತ್ತಿರತದ, ನೀವಽ ಹೇಳ್ರಿ?"

ನಾನು ಪರದೆಯನ್ನು ಅವರ ಕಡೆಗೇ ತಿರುಗಿಸಿದೆ.   

"ಹೆದರಬ್ಯಾಡ್ರಿ," ಎಂದರು ಏಳುತ್ತ. "ಅಂವನ ಮೈ ಮುಟ್ಟೂದಿಲ್ಲ. ಇರೂ ಜಾಗಾ ಬಿಡು ಅನ್ನೂದಿಲ್ಲ. ಬಿತ್ತಿಲ್ಲ ಅಂದಾನಲ್ರಿ, ಬಿತ್ತಸ್ತೀನಿ."

ಅದರ ಅರ್ಥ ನನಗೆ ತಿಳಿದದ್ದು ಜೂನಿನಲ್ಲಿ. ಮೊದಲ ಮಳೆ ಬಿದ್ದ ಮೇಲೆ ಶಂಕ್ರಣ್ಣ ಊರವರನ್ನು ಊಟಕ್ಕೆ ಕರೆದರು. ಎಲ್ಲರೆದುರು ಅಟ್ಟದಿಂದ ಮುಡೆಗಳನ್ನು ಇಳಿಸಿ, "ಬಾರೋ ಕೆರಿಯಾ, ನೀ ಕಟ್ಟೀದಿ, ನೀನಽ ಬಿಚ್ಚು" ಎಂದರು. ಬೀಜ ಸತ್ತಿದೆ ಎಂದು ಅವನು ಹೇಳುವಂತಿರಲಿಲ್ಲ. ಹೇಳಿದರೆ ಆ ಕಾಗದದಲ್ಲಿ ಕಪ್ಪು ಪಟ್ಟಿಯ ಕೆಳಗಿರುವವನು ತಾನೇ ಎಂದು ಒಪ್ಪಿಕೊಂಡ ಹಾಗೆ. ಬಿಚ್ಚಿದ. ರಸ್ತೆಯ ಬದಿಯ ಗದ್ದೆಯಲ್ಲಿ ನಾಟಿಯ ಸಸಿಗೆಂದು ಆ ಬೀಜ ಚೆಲ್ಲಿಸಿ ಅಗೆ ಹಾಕಿಸಿದರು. ಸಸಿ ಏಳಬೇಕಾದ ದಿನ ಬಂತು, ಹೋಯಿತು. ಸುತ್ತಲಿನ ಗದ್ದೆಗಳಲ್ಲಿ ಹಸಿರು ಎದ್ದಿತು, ಈ ಒಂದು ಪಟ್ಟಿ ಕೆಸರಾಗಿಯೇ ಉಳಿಯಿತು. ಹೋಗಿ ಬರುವವರೆಲ್ಲ ನೋಡಿದರು. ಕೆರಿಯಾ ಕಟ್ಟಿದ ಬೀಜ ಹುಟ್ಟಲಿಲ್ಲ ಎಂಬುದು ಬಾಯಿಂದ ಹೇಳುವ ಮಾತಾಯಿತು. ಕೆರಿಯಾ ಮನೆಯ ಸುದ್ದಿ ಹೊರಗೆ ಹಾಕಿದ ಎಂಬುದು ಬಾಯಿ ಬಿಡದೆ ತಿಳಿದುಕೊಳ್ಳುವ ಮಾತಾಯಿತು. ಆ ವರ್ಷದ ಕೊಯ್ಲಿನ ನಂತರ ನಿಲ್ಕುಂದದ ಸುತ್ತಿನ ಮನೆಗಳ ಅಟ್ಟಗಳಿಗೆ ಸಿದ್ದಾಪುರದ ಅಂಗಡಿಯಿಂದ ನೀಲಿ ಪ್ಲಾಸ್ಟಿಕ್ ಡ್ರಮ್ಮುಗಳು ಹತ್ತಿದವು.

ಇದನ್ನೆಲ್ಲ ನನಗೆ ಹೇಳಿದ್ದು ಅಂದು ನನ್ನನ್ನು ಕರೆದೊಯ್ದಿದ್ದ ಆಟೋದವನು. ಅವನು ಹೇಳಿದ್ದರಲ್ಲಿ ಎಷ್ಟು ಕಂಡದ್ದು, ಎಷ್ಟು ಕೇಳಿದ್ದು ಎಂದು ನಾನು ಬೇರ್ಪಡಿಸಲಾರೆ. ಡ್ರಮ್ಮುಗಳನ್ನು ಮಾತ್ರ ನಾನೇ ನೋಡಿದ್ದೇನೆ.

ಪ್ರಕರಣ ಏನಾಯಿತು? ಹೊಸ ನೋಟಿಸಿನ ವಿರುದ್ಧವೂ ಶಂಕ್ರಣ್ಣ ರಿಟ್ ಹಾಕಿದರು. ಈ ಸಲ ಮುಡೆಯ ಮಾತೇ ಬರಲಿಲ್ಲ. ಅಷ್ಟು ಹಳೆಯ ವರ್ಷವನ್ನು ತೆರೆಯಲು ಇನ್ನೂ ಮೇಲಿನ ದರ್ಜೆಯ ಅಧಿಕಾರಿಯ ಒಪ್ಪಿಗೆ ಬೇಕಿತ್ತು, ಇಲಾಖೆ ತೆಗೆದುಕೊಂಡದ್ದು ಒಂದು ಮೆಟ್ಟಿಲು ಕೆಳಗಿನವರದ್ದು. ನೋಟಿಸ್ ರದ್ದಾಯಿತು. ಕಾನೂನಿನ ಪ್ರಕಾರ ಸರಿಯಾದ ತೀರ್ಪು. ಮೇಲ್ಮನವಿ ಹೋಗಲಿಲ್ಲ. ಇಂತಿಷ್ಟಕ್ಕಿಂತ ಕಡಿಮೆ ತೆರಿಗೆಯ ಪ್ರಕರಣಗಳನ್ನು ಮೇಲಿನ ಕೋರ್ಟಿಗೆ ಒಯ್ಯಬಾರದೆಂದು ಇಲಾಖೆಯದೇ ಸುತ್ತೋಲೆ ಇದೆ. ಮಾಹಿತಿದಾರನಿಗೆ ಬಹುಮಾನ? ತೆರಿಗೆ ವಸೂಲಾದರೆ ಮಾತ್ರ ಅದರ ಮಾತು. ಅದೂ ಇಲಾಖೆಯ ಮರ್ಜಿ, ಅವನ ಹಕ್ಕಲ್ಲ. ನಾನು ಬರೆದ ಆಕ್ಷೇಪಣೆಗೆ ತಿಂಗಳುಗಳ ನಂತರ ಒಂದು ಸಾಲಿನ ಉತ್ತರ ಬಂತು: ಮಾಹಿತಿದಾರರ ಹೆಸರು ಯಾವ ಹಂತದಲ್ಲಿಯೂ ಬಹಿರಂಗವಾಗಿರುವುದಿಲ್ಲ.

ನನ್ನನ್ನು ಕೊರೆದದ್ದು ಆ ಸಾಲು. ಅದು ಸುಳ್ಳಲ್ಲ. ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ನಾನು ದುಡಿದ ಇಲಾಖೆ ಒಂದು ಸುಳ್ಳನ್ನೂ ಹೇಳದೆ ನನ್ನ ಮಾತನ್ನು ಮುರಿದಿತ್ತು.

ನಿವೃತ್ತಿಯಾದ ಮರುವರ್ಷ ಯಲ್ಲಾಪುರದಿಂದ ಹುಬ್ಬಳ್ಳಿಗೆ ಹೋಗುತ್ತಿದ್ದೆ. ಚಹಾಕ್ಕೆಂದು ಬಸ್ಸು ಕಿರವತ್ತಿಯ ಒಂದು ಢಾಬಾದೆದುರು ನಿಂತಿತು. ಹಿಂಬದಿಯ ಚಪ್ಪರದಲ್ಲಿ ಈರುಳ್ಳಿ ಹೆಚ್ಚುತ್ತಿದ್ದ ಬೆರಳುಗಳನ್ನು ಮುಖಕ್ಕಿಂತ ಮೊದಲು ಗುರುತಿಸಿದೆ. ಕೆರಿಯಾ ಬಿಡಾರ ಬಿಟ್ಟು, ಹೆಂಡತಿಯೊಂದಿಗೆ ಅಲ್ಲಿ ಮಗಳ ಮನೆಗೆ ಬಂದಿದ್ದ. ಯಾರೂ ಓಡಿಸಲಿಲ್ಲ, ತಾನೇ ಬಂದೆ ಎಂದ. ಶಂಕ್ರಣ್ಣನವರ ಗೋದಾಮು ಅಲ್ಲಿಂದ ಕಾಣುತ್ತಿತ್ತು.

"ಅವ್ರೂ ಚಾ ಕುಡೀಲಿಕ್ಕೆ ಬತ್ತರೆ," ಎಂದ. "ನಾ ಹೆಚ್ಚಿದ ಈರುಳ್ಳೀನೇ ತಿಂತರೆ. ಮಾತಾಡ್ತರೆ ಚಲೋ."

ನಾನು ಬಹಳ ದಿನಗಳಿಂದ ಇಟ್ಟುಕೊಂಡಿದ್ದ ಮಾತನ್ನು ಹೇಳಿದೆ. "ನಾನು ಕೊಟ್ಟ ಮಾತನ್ನು ಇಲಾಖೆ ಉಳಿಸಲಿಲ್ಲ, ಕೆರಿಯಾ."

"ಎಂತ ಮಾತು ಅಮಾ?"

"ನಿನ್ನ ಹೆಸರು ಹೊರಗೆ ಬರುವುದಿಲ್ಲ ಅಂತ."

ಅವನು ಚಾಕು ಕೆಳಗಿಟ್ಟ. "ಹಂಗೆ ಹೇಳ್ಲಿಲ್ಲ ನೀವು. ಹೆಸ್ರು ಹೊರಗೆ ಹೋದ್ರೆ ನಂಗೆಂತ ಹೆದ್ರಿಕೆ? ನಮ್ಮೂರಾಗೆ ಮೂರು ಜನ ಕೆರಿಯಾ ನಾಯ್ಕ ಇದ್ರು. 'ಇದು ನೀನೇ ಅಂತ ಯಾರ್ಗೂ ಗೊತ್ತಾಗೂದಿಲ್ಲ' ಅಂದ್ರಿ. ಅದ್ಕೇ ನಾ ಬಾಯಿ ಬಿಟ್ಟದ್ದು."

ಯಾರ ನೆನಪು ಸರಿ? ಅವನದೇ ಇರಬೇಕು. ನನ್ನ ನೆನಪಿನ ವಾಕ್ಯ ಇಲಾಖೆಯ ಉತ್ತರಕ್ಕೆ ತೀರಾ ಚೆನ್ನಾಗಿ ಹೊಂದುತ್ತದೆ. ಆ ಒಂದು ಸಾಲನ್ನು ಓದಿ ಓದಿ ನನ್ನ ಮಾತೂ ಅದರ ಅಚ್ಚಿಗೆ ಇಳಿದಿರಬಹುದು. ಹಾಗಾಗಿದ್ದರೆ ಇಲಾಖೆ ನನ್ನ ಮಾತನ್ನು ಮುರಿದದ್ದಲ್ಲದೆ, ನಾನು ಕೊಟ್ಟ ಮಾತು ಯಾವುದೆಂಬುದನ್ನೂ ನನ್ನಿಂದ ಕಸಿದುಕೊಂಡಿತು. ಇದಕ್ಕೆ ಯಾವ ಕೋರ್ಟಿನಲ್ಲಿ ರಿಟ್ ಹಾಕಬೇಕೋ ತಿಳಿಯದು.

ವೃತ್ತಿ ನನಗೆ ಕಲಿಸಿದ್ದು ಇಷ್ಟು. ಇಲಾಖೆಯ ಹಣಕ್ಕೆ ಸಂಸತ್ತು ಹೊಣೆ, ಅಧಿಕಾರಕ್ಕೆ ಕಾಯಿದೆ ಹೊಣೆ, ತಪ್ಪಿದರೆ ಕೇಳಲು ನ್ಯಾಯಾಲಯವಿದೆ. ಮೇಜಿನ ಈಚೆಯಿಂದ ಆಚೆಗೆ ಕೊಟ್ಟ ಮಾತಿಗೆ ಇವ್ಯಾವುದೂ ಹೊಣೆಯಲ್ಲ. ಅದನ್ನು ಇಲಾಖೆಯ ಪರವಾಗಿ ಕೊಡಲು ಬರುವುದಿಲ್ಲ, ಏಕೆಂದರೆ ಉಳಿಸಬೇಕಾದ ದಿನ ಕುರ್ಚಿಯಲ್ಲಿ ಇನ್ನೊಬ್ಬರಿರುತ್ತಾರೆ. ಕೊಡಲೇಬೇಕಾದರೆ ಏನನ್ನು ಮುಚ್ಚಿಡಬೇಕೆಂದು ಎದುರಿಗಿರುವವನನ್ನೇ ಮೊದಲು ಕೇಳಬೇಕು. ನಾವು ಹೆಸರು ಎಂದುಕೊಳ್ಳುತ್ತೇವೆ. ಅವನ ಗುರುತು ಅವನ ಕೈಯ ಗಂಟಿನಲ್ಲಿರುತ್ತದೆ.

ಕಂಡಕ್ಟರ್ ಸೀಟಿ ಊದಿದ. ನಾನು ಚಹಾದ ದುಡ್ಡು ತೆಗೆಯುತ್ತ, ರೇಷನ್ ಕಾರ್ಡು ಸರಿಯಾಯಿತೇ ಎಂದು ಕೇಳಿದೆ. ಕೆರಿಯಾ ನನ್ನ ಕೈಯನ್ನು ಹಿಂದಕ್ಕೆ ತಳ್ಳಿ, ಗಲ್ಲಾದ ಕಡೆ ತಿರುಗಿ ತನ್ನ ಲೆಕ್ಕಕ್ಕೆ ಬರೆಯುವಂತೆ ಸನ್ನೆ ಮಾಡಿದ.

"ಎಲ್ಲಿ ಸರಿಯಾಗ್ತದೆ? ಕಂಪ್ಯೂಟರಾಗೆ ಇನ್ನೂ ನಾನು ತೆರ್ಗೆ ಕಟ್ಟೋ ಸಾವ್ಕಾರನೇ ಅಮಾ. ನಿಮ್ಗೊಂದು ಚಾ ಕುಡ್ಸೂಕೂ ಆಗದಿದ್ರೆ ಹೆಂಗೆ?"